ನೆಕ್ಕುವ ನಾಯಿಯೂ ಗೃಹಸ್ಥಧರ್ಮವೂ

ನಮ್ಮ ಮನೆಯಲ್ಲಿ ಒಂದು ನಾಯಿಯುಂಟು. ಕೆಂಬಣ್ಣದ ಊರುನಾಯಿ, ಹೆಸರು ಕೆಂಚ. ನಾಲ್ಕು ವರ್ಷಗಳ ಹಿಂದೆ ಒಂದು ಮಳೆಯ ಸಂಜೆ, ಚರಂಡಿಯ ಅಂಚಿನಲ್ಲಿ ನಡುಗುತ್ತಿದ್ದ ಮರಿಯನ್ನು ನನ್ನ ಮೊಮ್ಮಗಳು ಶಾಲೆಯ ಚೀಲದೊಳಗಿಟ್ಟುಕೊಂಡು ಮನೆಗೆ ತಂದಳು. ಒಂದು ರಾತ್ರಿಯ ಮಟ್ಟಿಗೆ ಹಿತ್ತಿಲಲ್ಲಿರಲೆಂದು ನಾನು ಅನುಮತಿಯಿತ್ತೆನು. ಆ ಒಂದು ರಾತ್ರಿ ಇನ್ನೂ ಮುಗಿದಿಲ್ಲ. ಈ ನಾಯಿ ಕಚ್ಚುವುದಿಲ್ಲ, ಕದಿಯುವುದಿಲ್ಲ, ಅಕಾರಣವಾಗಿ ಬೊಗಳುವುದೂ ಇಲ್ಲ. ಅದರ ದೋಷ ಒಂದೇ. ಅದು ನೆಕ್ಕುತ್ತದೆ. ಮನೆಯವರು, ಹಾಲಿನವನು, ಅಂಚೆಯವನು, ಸಾಲ ಬೇಡಲು ಬಂದವನು, ಕೊಟ್ಟ ಸಾಲವನ್ನು ಕೇಳಲು ಬಂದವನು ಎಂಬ ಭೇದವಿಲ್ಲದೆ ಎಲ್ಲರ ಪಾದ, ಮೊಣಕಾಲು, ಅಂಗೈಗಳನ್ನೂ, ಬಗ್ಗಿದರೆ ಮುಖವನ್ನೂ ನೆಕ್ಕಿ, ಸಾಕೆಂದರೂ ಬಿಡದೆ ಮತ್ತೆ ನೆಕ್ಕುತ್ತದೆ. ಇಂತಹ ಕ್ಷುದ್ರವಿಷಯವನ್ನು ಸಾಹಿತ್ಯಪತ್ರಿಕೆಯಲ್ಲಿ ಚರ್ಚಿಸಬಹುದೇ ಎಂದು ವಾಚಕ ಮಹಾಶಯರು ಕೇಳಿಯಾರು. ಕಳೆದ ವರ್ಷ ನನ್ನ ತಂದೆಯವರ ಶ್ರಾದ್ಧದ ದಿನದವರೆಗೆ ನಾನೂ ಅದನ್ನು ಕ್ಷುದ್ರವೆಂದೇ ಭಾವಿಸಿದ್ದೆನು.

ಆ ದಿನ ಬೆಳಗ್ಗೆಯೇ ನಾಯಿಯನ್ನು ಹಿತ್ತಿಲಲ್ಲಿ ಕಟ್ಟಿಸಿದ್ದೆನು. ಶ್ರಾದ್ಧದ ಭೋಜನವನ್ನು ನಾಯಿ ನೋಡಲೂ ಬಾರದೆಂದು ಧರ್ಮಶಾಸ್ತ್ರವು ಹೇಳುವುದಷ್ಟೆ. ಆಹ್ವಾನಿತರಾದ ಹಿರಿಯರೊಬ್ಬರನ್ನು ಅಂಗಳದಲ್ಲಿ ಮಣೆಯ ಮೇಲೆ ನಿಲ್ಲಿಸಿ ಪಾದಗಳನ್ನು ತೊಳೆದು, ನಾನು ಕೈಯೊರಸಿಕೊಳ್ಳುತ್ತಿರುವಾಗ, ಹಗ್ಗವನ್ನು ಹೇಗೋ ಬಿಡಿಸಿಕೊಂಡ ಕೆಂಚ ಓಡಿಬಂದು ಆ ಪಾದಗಳನ್ನು ತನ್ನ ರೀತಿಯಲ್ಲಿ ಮತ್ತೊಮ್ಮೆ ತೊಳೆಯಿತು. ಹಿರಿಯರು ಸಜ್ಜನರು, ಏನನ್ನೂ ಆಡದೆ ಬಚ್ಚಲಮನೆಯ ಕಡೆಗೆ ನಡೆದರು. ನನಗೆ ಮಾತ್ರ ತಡೆಯಲಾಗಲಿಲ್ಲ. ಬಾಗಿಲ ಮೂಲೆಯಲ್ಲಿದ್ದ ಕೊಡೆಯನ್ನು ತೆಗೆದುಕೊಂಡು ಅದರ ಬೆನ್ನಿನ ಮೇಲೆ ಎರಡು ಏಟು ಹಾಕಿದೆನು. ಅದು ಒಮ್ಮೆ ಕಿರುಚಿ ನೆಲಕ್ಕೆ ಕವಿದುಕೊಂಡಿತು. ಇನ್ನು ಓಡಿಹೋಗುವುದೆಂದು ತಿಳಿದೆನು. ಓಡಲಿಲ್ಲ. ಬಾಲವನ್ನು ಹೊಟ್ಟೆಯಡಿಗೆ ಸೇರಿಸಿಕೊಂಡು, ತೆವಳುತ್ತ ಹತ್ತಿರ ಬಂದು, ಕೊಡೆಯನ್ನು ಹಿಡಿದಿದ್ದ ನನ್ನ ಕೈಯನ್ನೇ ನೆಕ್ಕಿತು.

ಹೊಸಲಿನ ಮೇಲೆ ನಿಂತಿದ್ದ ಮೊಮ್ಮಗಳು, “ತಾತ, ಅದು ಎಡೆಯನ್ನು ಮುಟ್ಟಲಿಲ್ಲ, ಎಡೆಯ ಕಡೆ ನೋಡಲೂ ಇಲ್ಲ. ಕಾಲನ್ನು ತಾನೆ ನೆಕ್ಕಿದ್ದು? ಯಾಕೆ ಹೊಡೆದಿರಿ?” ಎಂದು ಕೇಳಿದಳು. ಹುಡುಗಿಗೆ ತಿಳಿಯದು, ಆದರೆ ಆ ಪ್ರಶ್ನೆಯನ್ನು ನಾನು ಐವತ್ತು ವರ್ಷಗಳ ಹಿಂದೆಯೇ ಓದಿದ್ದೆನು.

ಮಹಾಭಾರತದ ಕಥೆ ಮುಗಿಯುವ ಹೊತ್ತಿಗೆ ನಾಯಿಯೊಂದು ಬರುವುದೆಂಬುದನ್ನೂ, ಅದನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದು ಧರ್ಮರಾಜನು ಹಟ ಹಿಡಿದನೆಂಬುದನ್ನೂ ಎಲ್ಲರೂ ಬಲ್ಲರು. ನಾಯಿಯ ವಿಷಯದಲ್ಲಿ ಯಾರು ಭಾಷಣ ಮಾಡಿದರೂ ಆ ಕಥೆ ಬಂದೇ ಬರುತ್ತದೆ. ಗ್ರಂಥದ ಆರಂಭದಲ್ಲಿಯೂ ಒಂದು ನಾಯಿಯಿರುವುದನ್ನು ನೆನೆಯುವವರು ಕಡಮೆ. ಆದಿಪರ್ವದ ಪೌಷ್ಯಪ್ರಕರಣದಲ್ಲಿ ಜನಮೇಜಯನು ತನ್ನ ಮೂವರು ತಮ್ಮಂದಿರೊಡನೆ ಕುರುಕ್ಷೇತ್ರದಲ್ಲಿ ಸತ್ರವನ್ನು ನಡೆಯಿಸುತ್ತಿರುವಾಗ ದೇವಶುನಿಯಾದ ಸರಮೆಯ ಮರಿ ಅಲ್ಲಿಗೆ ಬರುತ್ತದೆ. ತಮ್ಮಂದಿರು ಅದನ್ನು ಹೊಡೆದು ಅಟ್ಟುತ್ತಾರೆ. ಅದು ಅಳುತ್ತ ತಾಯಿಯ ಬಳಿಗೆ ಹೋಗುತ್ತದೆ. ನೀನೇನೋ ತಪ್ಪು ಮಾಡಿರಬೇಕೆಂದು ತಾಯಿ ಹೇಳಲು, ತಾನು ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲವೆಂದು ಮರಿ ಉತ್ತರ ಕೊಡುತ್ತದೆ. ಸರಮೆ ಸತ್ರಶಾಲೆಗೆ ಬಂದು, ತಪ್ಪಿಲ್ಲದ ಮಗುವನ್ನೇಕೆ ಹೊಡೆದಿರೆಂದು ಕೇಳಿ, ಉತ್ತರ ದೊರೆಯದಿರಲು, ಕಾಣದ ಭಯವೊಂದು ನಿಮಗೆ ಬರಲೆಂದು ಶಪಿಸುತ್ತಾಳೆ. ಅಷ್ಟು ದೊಡ್ಡ ಅರಸು ಆ ಶಾಪಕ್ಕೆ ಕಳವಳಗೊಂಡು, ಅದನ್ನು ಶಮನಗೊಳಿಸಬಲ್ಲ ಪುರೋಹಿತನನ್ನು ಹುಡುಕುತ್ತ ಅಲೆಯಬೇಕಾಯಿತು. ಪಾಠಶಾಲೆಯಲ್ಲಿ ಈ ಭಾಗವನ್ನು ನಾವು ಕಾಲು ಗಂಟೆಯಲ್ಲಿ ದಾಟಿ ಮುಂದಕ್ಕೆ ಹೋಗಿದ್ದೆವು. ಶ್ರಾದ್ಧದ ಆ ರಾತ್ರಿ ಅದನ್ನು ದಾಟುವುದು ನನ್ನಿಂದಾಗಲಿಲ್ಲ.

ಕೆಂಚನೂ ಸರಮೆಯ ಮರಿಯೂ ಸಂಪೂರ್ಣವಾಗಿ ಸಮಾನರೆಂದು ನಾನು ಹೇಳುವುದಿಲ್ಲ. ಆ ಮರಿ ಏನನ್ನೂ ನೆಕ್ಕಲಿಲ್ಲ, ಇದು ನೆಕ್ಕಿತು. ಆದರೆ ಇದು ನೆಕ್ಕಿದುದು ಹವಿಸ್ಸಿನ ಆಸೆಯಿಂದಲ್ಲ. ಮನೆಯ ಯಜಮಾನನು ಒಬ್ಬರ ಪಾದವನ್ನು ಮುಟ್ಟಿ ಗೌರವಿಸುವುದನ್ನು ಕಂಡು, ತಾನೂ ತನಗೆ ತಿಳಿದ ಮರ್ಯಾದೆಯನ್ನು ಸಲ್ಲಿಸಿತೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಆದರೂ ದ್ವೇಷದಿಂದ ಮಾಡಲಿಲ್ಲವೆಂಬುದು ನಿಶ್ಚಯ. ಹಾಗಾದರೆ, ನಮಗೆ ಸಲ್ಲದ ರೂಪದಲ್ಲಿ, ಸಲ್ಲದ ಹೊತ್ತಿನಲ್ಲಿ, ಸಲ್ಲದಷ್ಟು ಪ್ರಮಾಣದಲ್ಲಿ ಬರುವ ಪ್ರೀತಿಗೆ ನಾವು ಏನು ಮಾಡಬೇಕು? ಅದನ್ನು ತಾಳಿಕೊಳ್ಳುವುದು ಧರ್ಮವೇ, ತಡೆಯುವುದು ಧರ್ಮವೇ? ಪ್ರಶ್ನೆ ನಾಯಿಯಿಂದ ಹುಟ್ಟಿದರೂ ನಾಯಿಯೊಡನೆ ಮುಗಿಯುವಂತಹದಲ್ಲ.

ಮೊದಲು ಶೌಚದ ಮಾತನ್ನು ಮುಗಿಸಿಬಿಡುವೆನು. ಮನುಸ್ಮೃತಿಯ ಐದನೆಯ ಅಧ್ಯಾಯವು ಬಾಯಿಗಳ ಶುದ್ಧಿಯನ್ನು ಹೇಳುತ್ತ, ಹಣ್ಣನ್ನು ಕೆಡಹುವಾಗ ಹಕ್ಕಿಯ ಕೊಕ್ಕೂ, ಹಾಲನ್ನು ಸೊರೆಬಿಡಿಸುವಾಗ ಕರುವಿನ ಬಾಯಿಯೂ, ಬೇಟೆಯ ಮೃಗವನ್ನು ಹಿಡಿಯುವಾಗ ನಾಯಿಯ ಬಾಯಿಯೂ ಶುದ್ಧವೆಂದು ವಿಧಿಸುತ್ತದೆ. ಎಂದರೆ, ಬಾಯಿಗೆ ತನ್ನಷ್ಟಕ್ಕೆ ಶುದ್ಧಿಯೂ ಇಲ್ಲ, ಅಶುದ್ಧಿಯೂ ಇಲ್ಲ. ಅದು ಮಾಡುವ ಕೆಲಸದಿಂದ ಅವು ನಿರ್ಣಯವಾಗುತ್ತವೆ. ಬೇಟೆಯ ನಾಯಿಗೆ ನಮ್ಮ ನಾಡು ಕಲ್ಲನ್ನೂ ನಿಲ್ಲಿಸಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ. ಶ. 949-50ರ ಶಾಸನದಲ್ಲಿ, ಗಂಗರ ಬೂತುಗನು ಮಣಲೇರನಿಗೆ ಕೊಟ್ಟ ಕಾಳಿಯೆಂಬ ನಾಯಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತ ಸಂಗತಿಯನ್ನು ಕೊರೆದು, ಆ ಕಲ್ಲಿನ ಪೂಜೆಗೆ ಭೂಮಿಯನ್ನು ಬಿಟ್ಟಿರುವುದು ಪ್ರಸಿದ್ಧವಾಗಿದೆ. ನಮ್ಮ ಕೆಂಚನಾದರೋ ಹಿತ್ತಿಲಿಗೆ ಬರುವ ಹೆಗ್ಗಣವನ್ನು ಕಂಡರೆ ಒಳಗೆ ಓಡಿಬರುವ ಪ್ರಾಣಿ. ಮನುವಿನ ವಿನಾಯಿತಿ ಅದಕ್ಕೆ ದೊರೆಯದು. ಪರಾಕ್ರಮವಿಲ್ಲದೆ ಬರಿಯ ಪ್ರೀತಿಯನ್ನೇ ಮಾಡುವ ನಾಯಿಯ ಬಾಯಿಗೆ ಶಾಸ್ತ್ರದಲ್ಲಿ ಯಾವ ಸ್ಥಾನವೆಂಬುದನ್ನು ನಾನು ಹುಡುಕಿದೆನು. ನನ್ನ ಓದಿನೊಳಗೆ ಅದು ಸಿಕ್ಕಲಿಲ್ಲ.

ವೈದ್ಯಶಾಸ್ತ್ರವು ಇದಕ್ಕಿಂತ ಸ್ಪಷ್ಟವಾಗಿ ಮಾತನಾಡುತ್ತದೆ. ಅಮರಕೋಶದಲ್ಲಿ ನಾಯಿಯ ಹೆಸರುಗಳು ಮುಗಿದೊಡನೆಯೇ ಅಲರ್ಕವೆಂಬ ಹುಚ್ಚುನಾಯಿಯ ಹೆಸರು ಬರುತ್ತದೆ. ಹಿಂದಿನವರಿಗೆ ಈ ಸಾಮೀಪ್ಯದ ಅರಿವಿತ್ತು. ಆ ರೋಗದ ವಿಷಾಣು ಇರುವುದು ಜೊಲ್ಲಿನಲ್ಲಿ. ರೋಗವಿರುವ ನಾಯಿ ಹರಿಯದ ಚರ್ಮವನ್ನು ನೆಕ್ಕಿದರೆ ಭಯವಿಲ್ಲ. ಗಾಯವನ್ನಾಗಲಿ, ಕಣ್ಣು ಬಾಯಿಗಳ ಒಳಪದರವನ್ನಾಗಲಿ ನೆಕ್ಕಿದರೆ ಅದು ಕಚ್ಚಿದಷ್ಟೇ ಭಯಂಕರ. 1885ರಲ್ಲಿ ಪಾಶ್ಚರ್ ಮಹಾಶಯನು ಜೋಸೆಫ್ ಮೈಸ್ಟರನೆಂಬ ಬಾಲಕನಿಗೆ ಮೊದಲು ಲಸಿಕೆಯನ್ನು ಕೊಟ್ಟನು. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಅವನ ಹೆಸರಿನ ಸಂಸ್ಥೆ ಏರ್ಪಟ್ಟಿತು. ನಾನು ಹುಡುಗನಾಗಿದ್ದಾಗ ನಾಯಿ ಕಚ್ಚಿದವರು ಹೊಟ್ಟೆಗೆ 14 ಚುಚ್ಚುಮದ್ದುಗಳನ್ನು ಹಾಕಿಸಿಕೊಳ್ಳುತ್ತಿದ್ದುದನ್ನು ಕಂಡವನು. ಈಗ ಆ ಹಳೆಯ ಮದ್ದು ಹೋಗಿ ತೋಳಿಗೆ ಹಾಕುವ ಕೆಲವೇ ಸೂಜಿಗಳು ಬಂದಿವೆ. ಕೆಂಚನಿಗೂ ವರ್ಷಕ್ಕೊಮ್ಮೆ ತಪ್ಪದೆ ಲಸಿಕೆ ಹಾಕಿಸುತ್ತೇನೆ. ಆದರೆ ನನ್ನ ಪತ್ನಿಗೆ ಸಕ್ಕರೆ ಕಾಯಿಲೆಯುಂಟು, ಹಿಮ್ಮಡಿಯಲ್ಲಿ ಒಡಕುಂಟು. ನಾಯಿ ಬೇರೆಲ್ಲವನ್ನೂ ಬಿಟ್ಟು ಆ ಒಡಕನ್ನೇ ಹುಡುಕಿ ನೆಕ್ಕುತ್ತದೆ. ನಾಯಿ ನೆಕ್ಕಿದ ಗಾಯ ಬೇಗ ಮಾಯುವುದೆಂಬ ನಂಬಿಕೆ ನಮ್ಮ ಕಡೆಯಲ್ಲಿದೆ. ಜೊಲ್ಲಿನಲ್ಲಿ ಕೆಲವು ಕ್ರಿಮಿಗಳನ್ನು ತಡೆಯುವ ದ್ರವ್ಯವಿರುವುದೂ ನಿಜವಂತೆ. ಆದರೆ ಆರೋಗ್ಯವಂತವಾದ ನಾಯಿಯ ಬಾಯಲ್ಲಿಯೂ ಇರುವ ಇತರ ಸೂಕ್ಷ್ಮಜೀವಿಗಳು ಶಕ್ತಿಗುಂದಿದವರ ರಕ್ತವನ್ನು ಸೇರಿದರೆ ಪ್ರಾಣಕ್ಕೇ ಅಪಾಯವಾದೀತೆಂದು ವೈದ್ಯರು ಗದರಿಸಿ ಹೇಳಿದರು. ಆದುದರಿಂದ ತಡೆಯಬೇಕೆಂಬುದು ನಿಶ್ಚಯವಾಯಿತು. ಹೇಗೆ ತಡೆಯಬೇಕೆಂಬುದೇ ಉಳಿಯಿತು. ಧರ್ಮದ ಕಷ್ಟವೆಲ್ಲ ಯಾವಾಗಲೂ ಈ ‘ಹೇಗೆ’ ಎಂಬಲ್ಲಿಯೇ ಇರುತ್ತದೆ.

ಇಲ್ಲಿ ಸ್ವಲ್ಪ ಶಬ್ದವಿಚಾರವನ್ನು ಮಾಡುವೆನು. ಹಳೆಯ ಮೇಷ್ಟರ ಚಪಲವೆಂದು ವಾಚಕರು ಸೈರಿಸಬೇಕು. ‘ಲಿಹ’ ಎಂಬ ಧಾತುವಿಗೆ ಆಸ್ವಾದನವೆಂದರ್ಥ. ಲೇಢಿ, ಲೀಢಃ, ಲಿಹಂತಿ ಎಂದು ಬೆಳಗಿನ ಜಾವದಲ್ಲಿ ನಾವು ಉರುಹೊಡೆಯುವಾಗ ಅದು ನಮಗೆ ನಾಲಗೆ ತಿರುಗದ ಕಠಿನ ರೂಪವಾಗಿತ್ತೇ ಹೊರತು, ಯಾರೊಬ್ಬರೂ ಯಾವುದನ್ನೂ ನೆಕ್ಕುವ ಚಿತ್ರ ಕಣ್ಣಿಗೆ ಬರುತ್ತಿರಲಿಲ್ಲ. ನಾಯಿಗೆ ‘ಕೌಲೇಯಕ’ವೆಂಬ ಹೆಸರುಂಟು, ಕುಲಕ್ಕೆ, ಮನೆತನಕ್ಕೆ ಸೇರಿದುದೆಂದು ಅದರ ಅರ್ಥ. ಪಾಣಿನಿ ಮಹರ್ಷಿಗಳು ಇದಕ್ಕಾಗಿಯೇ ಒಂದು ಸೂತ್ರದಲ್ಲಿ ಸ್ಥಳ ಮಾಡಿ, ಕತ್ತಿಯನ್ನೂ ಕೊರಳ ಆಭರಣವನ್ನೂ ಅದರ ಜೊತೆಗೆ ಕೂರಿಸಿದ್ದಾರೆ. ಮನೆತನದಲ್ಲಿ ಹುಟ್ಟಿದ ಮನುಷ್ಯನನ್ನು ಹೇಳಬೇಕಾದರೆ ಬೇರೆ ರೂಪ, ‘ಕೌಲೇಯಕ’ವೆಂದರೆ ನಾಯಿಯೇ. ಮನೆಗೆ ಸೇರಿದುದೆಂಬ ಬಿರುದನ್ನು ವ್ಯಾಕರಣವು ಯಾರಿಗೆ ಕಾದಿರಿಸಿತೆಂಬುದನ್ನು ನೋಡಿ ನನಗೆ ನಗೆಯೂ ಬಂದಿತು, ನಾಚಿಕೆಯೂ ಆಯಿತು.

ಇದಕ್ಕಿಂತ ಮುಖ್ಯವಾದ ಶಬ್ದ ‘ವಾತ್ಸಲ್ಯ’. ತಂದೆತಾಯಿಗಳ ಪ್ರೀತಿಗೂ ಗುರುವಿನ ಪ್ರೀತಿಗೂ ದೇವರ ಪ್ರೀತಿಗೂ ನಾವು ಬಳಸುವ ಈ ಮಾತು ‘ವತ್ಸ’ದಿಂದ, ಎಂದರೆ ಕರುವಿನಿಂದ ಬಂದಿದೆ. ಹಸು ಕರುವಿಗೆ ಪ್ರೀತಿಯನ್ನು ಯಾವುದರಿಂದ ತೋರಿಸುತ್ತದೆ? ನಾಲಗೆಯಿಂದ. ಆಗ ತಾನೆ ಹುಟ್ಟಿದ ಕರುವಿನ ಮೈಯ ಕೊಳೆಯನ್ನು ಅದು ನೆಕ್ಕಿ ತೆಗೆಯುತ್ತದೆ. ಈ ದೃಷ್ಟಾಂತವನ್ನು ಹಿಡಿದು ಶ್ರೀವೈಷ್ಣವ ಆಚಾರ್ಯರಲ್ಲಿ ಒಂದು ಸೂಕ್ಷ್ಮವಾದ ವಿವಾದವೇ ನಡೆಯಿತು. ಹಸು ಕರುವಿನ ಕೊಳೆಯನ್ನು ಭೋಗ್ಯವೆಂದೇ ಸ್ವೀಕರಿಸುವಂತೆ ಭಗವಂತನು ಆಶ್ರಿತನ ದೋಷವನ್ನು ಭೋಗ್ಯವಾಗಿ ಕಾಣುವನೆಂದು ಪಿಳ್ಳೈ ಲೋಕಾಚಾರ್ಯರ ಪಕ್ಷ. ದೋಷವನ್ನು ಸವಿಯುವುದಲ್ಲ, ಕಂಡೂ ಕಾಣದಂತಿರುವುದೇ ವಾತ್ಸಲ್ಯವೆಂದು ವೇದಾಂತ ದೇಶಿಕರ ಪಕ್ಷ. ನಾನು ಆ ಸಂಪ್ರದಾಯದವನಲ್ಲ; ತೀರ್ಪು ಹೇಳುವ ಅಧಿಕಾರ ನನಗಿಲ್ಲ. ನಾನು ಕಂಡುಕೊಂಡುದಿಷ್ಟೇ: ನಾವು ಅತ್ಯುಚ್ಚವೆಂದು ಭಾವಿಸುವ ಪ್ರೀತಿಯ ಬೇರನ್ನು ಅಗೆದರೆ ಅಲ್ಲಿ ಒದ್ದೆಯಾದ ನಾಲಗೆಯೊಂದಿದೆ. ಹೀಗಿರುವಲ್ಲಿ, ನೆಕ್ಕುವುದು ಹೀನವೆಂದು ಮೂಗು ಮುರಿಯುವ ಹಕ್ಕು ನಮಗೆಷ್ಟು? ನಮ್ಮ ಮೈಲಾರಲಿಂಗನ ಗೊರವರಂತೂ ದೋಣಿಸೇವೆಯಲ್ಲಿ ಮೊಣಕಾಲೂರಿ, ಬೊಗಳುತ್ತ, ಪಾತ್ರೆಗೆ ಬಾಯಿಟ್ಟೇ ಪ್ರಸಾದವನ್ನು ಸ್ವೀಕರಿಸುತ್ತಾರೆ. ಒಡೆಯನ ಮುಂದೆ ನಾಯಿಯಾಗುವುದನ್ನು ಅವರು ಕೀಳೆಂದು ಬಗೆಯಲಿಲ್ಲ, ವ್ರತವೆಂದು ಬಗೆದರು.

ಆದರೆ ನಾಯಿ ನೆಕ್ಕುವುದು ಪ್ರೀತಿಯೇ ಎಂದು ನನ್ನ ಮಗನು ಕೇಳಿದನು. ಅವನು ವಿಜ್ಞಾನವನ್ನು ಓದಿದವನು. ಶ್ರಾದ್ಧದ ಮರುದಿನ ನಾನು, ಏಟು ತಿಂದ ಪ್ರಾಣಿ ಹೊಡೆದ ಕೈಯನ್ನೇ ಕ್ಷಮಿಸಿತೆಂದು ಕಣ್ಣು ತೇವ ಮಾಡಿಕೊಂಡು ಹೇಳಿದಾಗ ಅವನು ಮೆಲ್ಲನೆ, “ಅಪ್ಪ, ಅದು ಕ್ಷಮೆಯಲ್ಲ, ಹೆದರಿಕೆ” ಎಂದನು. ತೋಳದ ಮರಿಗಳೂ ನಾಯಿಮರಿಗಳೂ ದೊಡ್ಡವುಗಳ ಬಾಯನ್ನು ನೆಕ್ಕಿ, ಅವು ನುಂಗಿ ತಂದ ಆಹಾರವನ್ನು ಕಕ್ಕಿಸಿಕೊಂಡು ತಿನ್ನುತ್ತವೆಯಂತೆ. ಬೆಳೆದ ಮೇಲೆ ಅದೇ ಚೇಷ್ಟೆ ತಾನು ಚಿಕ್ಕವನು, ಹೊಡೆಯಬೇಡವೆಂಬ ವಿನಯವಾಗಿ ಉಳಿಯುತ್ತದೆಯಂತೆ. ಡಾರ್ವಿನ್ ಪಂಡಿತನಾದರೋ 1872ರ ತನ್ನ ಗ್ರಂಥದಲ್ಲಿ, ತಾಯಿನಾಯಿ ಮರಿಗಳನ್ನು ಶುಚಿಮಾಡುವ ವಾತ್ಸಲ್ಯದಿಂದಲೇ ಯಜಮಾನನ ಕೈಯನ್ನು ನೆಕ್ಕುವ ಅಭ್ಯಾಸ ಹುಟ್ಟಿರಬಹುದೆಂದು ಬರೆದಿದ್ದಾನೆ. ಒಂದು ಪಕ್ಷದಲ್ಲಿ ನಾನು ಅದಕ್ಕೆ ತಾಯಿ, ಇನ್ನೊಂದು ಪಕ್ಷದಲ್ಲಿ ಮರಿ. ಬೆವರಿನ ಉಪ್ಪಿನ ರುಚಿಗಾಗಿಯೂ, ಕೆಲಸವಿಲ್ಲದ ಬೇಸರಕ್ಕಾಗಿಯೂ, ಮನಸ್ಸಿನ ತಳಮಳಕ್ಕಾಗಿಯೂ ನಾಯಿಗಳು ನೆಕ್ಕುವುದುಂಟೆಂದು ಪಶುವೈದ್ಯರು ಇನ್ನಷ್ಟನ್ನು ಸೇರಿಸಿದರು. ಪ್ರೀತಿಯಲ್ಲಿ ಉಪ್ಪಿನ ಆಸೆ ಬೆರೆತಿದ್ದರೆ ನನಗೇನೂ ಬೇಸರವಿಲ್ಲ. ಮನುಷ್ಯರ ಪ್ರೀತಿಯನ್ನು ಸೋಸಿದರೂ ಅಷ್ಟು ಉಪ್ಪು ಸಿಕ್ಕೀತು. ಹೆದರಿಕೆಯೆಂಬ ಮಾತು ಮಾತ್ರ ಎದೆಯಲ್ಲಿ ನಾಟಿತು. ಕ್ಷಮಿಸಿತೆಂದುಕೊಂಡಾಗ ನಾನು ಪಶ್ಚಾತ್ತಾಪದ ಸುಖವನ್ನು ಅನುಭವಿಸುತ್ತಿದ್ದೆನು. ಅದು ಕ್ಷಮಿಸಿರಲಿಲ್ಲ, ಇನ್ನೊಂದು ಏಟು ಬೀಳದಿರಲೆಂದು ಬೇಡುತ್ತಿತ್ತು. ಅದೇ ಡಾರ್ವಿನ್ ಪಂಡಿತನು ಇನ್ನೊಂದು ಗ್ರಂಥದಲ್ಲಿ, ಜೀವಂತವಾಗಿ ಕೊಯ್ಯುತ್ತಿದ್ದವನ ಕೈಯನ್ನೇ ನೆಕ್ಕಿದ ನಾಯಿಯನ್ನು ಹೇಳಿ, ಆ ಮನುಷ್ಯನ ಎದೆ ಕಲ್ಲಲ್ಲದಿದ್ದರೆ ಕೊನೆಗಾಲದವರೆಗೂ ಅವನು ಪರಿತಪಿಸಿರಬೇಕೆನ್ನುತ್ತಾನೆ. ಅದನ್ನು ಓದಿದ ಮೇಲೆ ನಮ್ಮ ಮನೆಯ ಕೊಡೆ ನನ್ನ ಕಣ್ಣಿಗೆ ಬೇರೆಯಾಗಿಯೇ ಕಾಣತೊಡಗಿತು.

ಆಗ ಒಬ್ಬ ಹುಡುಗನ ನೆನಪು ಬಂದಿತು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಾನು ಒಂದು ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿದ್ದಾಗ, ಎಂಟನೆಯ ತರಗತಿಯಲ್ಲಿ ತಂದೆಯಿಲ್ಲದ ಬಾಲಕನೊಬ್ಬನಿದ್ದನು. ಅವನಿಗೆ ನನ್ನ ಮೇಲೆ ಅತಿಯಾದ ಭಕ್ತಿ. ಬೆಳಗ್ಗೆ ಬಸ್ಸಿನ ನಿಲ್ದಾಣದಲ್ಲಿ ಕಾದಿದ್ದು ಚೀಲವನ್ನು ಕಸಿದುಕೊಳ್ಳುವನು; ಪಾಠ ನಡೆಯುತ್ತಿರುವಾಗ ಏನಾದರೊಂದು ನೆವದಿಂದ ಮೇಜಿನ ಬಳಿಗೆ ಬಂದು ತೋಳಿಗೆ ತಗಲಿಕೊಂಡು ನಿಲ್ಲುವನು; ದಿನಕ್ಕೆ ನಾಲ್ಕು ಸಲ ಕಾಲು ಮುಟ್ಟುವನು. ಇತರ ಉಪಾಧ್ಯಾಯರು ಹಾಸ್ಯ ಮಾಡುತ್ತಿದ್ದರು. ಒಂದು ದಿನ ಅವರೆಲ್ಲರ ಎದುರಿಗೆ ನಾನು, “ಜಿಗಣೆಯಂತೆ ಅಂಟಿಕೊಳ್ಳಬೇಡ, ದೂರ ನಿಲ್ಲು” ಎಂದೆನು. ಹುಡುಗನು ದೂರ ನಿಂತನು. ಹತ್ತನೆಯ ತರಗತಿ ಮುಗಿಯುವವರೆಗೂ ಹಾಗೆಯೇ ದೂರ ನಿಂತಿದ್ದನು. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದನು. ಬೀಳ್ಕೊಡುಗೆಯ ದಿನ ಎಲ್ಲ ಉಪಾಧ್ಯಾಯರ ಕಾಲನ್ನೂ ಮುಟ್ಟಿದನು, ನನಗೆ ಕೈಮುಗಿದು ಹೋದನು. ಅವನು ಅಂಟಿಕೊಳ್ಳುವುದನ್ನು ಬಿಡಿಸಬೇಕಾಗಿದ್ದುದು ನಿಜವೇ. ಹುಡುಗನು ಒಬ್ಬನ ಮೇಲೆಯೇ ಹಾಗೆ ಜೋತುಬೀಳುವುದು ಅವನಿಗೂ ಹಿತವಲ್ಲ. ಆದರೆ ನಾನು ಬಿಡಿಸಿದುದು ಅಭ್ಯಾಸವನ್ನಲ್ಲ. ಅಭ್ಯಾಸವನ್ನೂ ಅವನನ್ನೂ ಬೇರೆಮಾಡುವ ತಾಳ್ಮೆ ನನಗಿರಲಿಲ್ಲ. ಜೊತೆಯವರು ನಗುತ್ತಾರೆಂಬ ನಾಚಿಕೆಯಷ್ಟೇ ಇತ್ತು. ಶ್ರಾದ್ಧದ ದಿನವೂ ಅಷ್ಟೇ. ಧರ್ಮಲೋಪಕ್ಕಾಗಿ ಹೊಡೆದೆನೆಂದು ನಾನು ಎಷ್ಟು ಹೇಳಿಕೊಂಡರೂ, ಬಂದ ಹಿರಿಯರು ಏನೆಂದುಕೊಂಡಾರೆಂಬುದೇ ಕೊಡೆಯನ್ನು ಎತ್ತಿಸಿತು. ನಾಯಿ ತಿರುಗಿ ಬಂದಿತು. ಮನುಷ್ಯನ ಮಗು ಬರುವುದಿಲ್ಲ.

ವಿದ್ಯಾವಿನಯಸಂಪನ್ನನಲ್ಲಿಯೂ ಹಸುವಿನಲ್ಲಿಯೂ ಆನೆಯಲ್ಲಿಯೂ ನಾಯಿಯಲ್ಲಿಯೂ ಪಂಡಿತರು ಸಮದರ್ಶಿಗಳೆಂದು ಗೀತೆಯಲ್ಲಿದೆ. ಅದು ದರ್ಶನದಲ್ಲಿ ಸಮತೆಯೇ ಹೊರತು ವರ್ತನೆಯಲ್ಲಿ ಅಲ್ಲವೆಂದು ನಮ್ಮ ಗುರುಗಳು ಹೇಳುತ್ತಿದ್ದರು. ನಾನು ಆ ಮಾತನ್ನು ಬಹುಕಾಲ ಅನುಕೂಲಕ್ಕೆ ಬಳಸಿಕೊಂಡೆನು: ದರ್ಶನ ಹೇಗೂ ಕಾಣುವುದಿಲ್ಲ, ವರ್ತನೆಯಲ್ಲಿ ನಮ್ಮಿಚ್ಛೆಯಂತೆ ಇದ್ದುಬಿಡಬಹುದು! ಈಗ ಹಾಗೆ ತೋರುವುದಿಲ್ಲ. ವರ್ತನೆ ಬೇರೆಯಾಗಬೇಕಾದ ಕಡೆಯಲ್ಲಿಯೇ ಸಮದರ್ಶನದ ಪರೀಕ್ಷೆ. ನಾಯಿಯನ್ನು ಮುಖ ನೆಕ್ಕಲು ಬಿಡದಿರುವಾಗ ನಾನು ಅದನ್ನು ಹೇಗೆ ನೋಡುತ್ತಿದ್ದೇನೆ? ಕಾಲಕಸದಂತೆಯೋ, ನಮ್ಮ ನಡವಳಿಕೆಯನ್ನು ಇನ್ನೂ ಕಲಿಯದ ಮನೆಯ ಮಗುವಿನಂತೆಯೋ?

ಪಶುವೈದ್ಯರು ಹೇಳಿಕೊಟ್ಟ ಕ್ರಮ ಬಹಳ ಸರಳವಾದುದು. ಹೊಡೆಯಕೂಡದು, ಗದರಲೂ ಕೂಡದು. ಗದರಿಕೆಯೂ ನಾಯಿಗೆ ಒಂದು ಬಗೆಯ ಉಪಚಾರವೇ. ನಾಲಗೆ ಹೊರಗೆ ಬಂದೊಡನೆ ಮಾತಿಲ್ಲದೆ ಎದ್ದು ಬೆನ್ನು ತಿರುಗಿಸಬೇಕು. ಅದು ಸುಮ್ಮನೆ ಕುಳಿತೊಡನೆ ತಿರುಗಿ ಬಂದು ತಲೆಯನ್ನು ಸವರಬೇಕು. ಬೆಳಗ್ಗೆ ಸಂಜೆ ತಿರುಗಾಡಿಸಿ, ಕಡಿಯಲು ಏನನ್ನಾದರೂ ಕೊಡಬೇಕು. ಮನೆಯವರೆಲ್ಲರೂ ಒಂದೇ ರೀತಿಯಲ್ಲಿ ನಡೆದುಕೊಳ್ಳಬೇಕು. ಒಬ್ಬರು ಬಿಟ್ಟು ಒಬ್ಬರು ತಡೆದರೆ ನಾಯಿಗೆ ಗೊಂದಲವೇ ಹೊರತು ಶಿಕ್ಷಣವಿಲ್ಲ. ಸೊಸೆ ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. ಮೊದಲ ವಾರದಲ್ಲಿ ಕೆಂಚನ ಚೇಷ್ಟೆ ಇಮ್ಮಡಿಯಾಯಿತು. ನಾನು ಬೆನ್ನು ತಿರುಗಿಸಿದರೆ ಸುತ್ತಿ ಬಂದು ಮುಂದೆ ನಿಲ್ಲುವುದು. ಮತ್ತೆ ತಿರುಗಿದರೆ ಮತ್ತೆ ಸುತ್ತುವುದು. ದೂರದಿಂದ ನೋಡಿದವರಿಗೆ ನಾವಿಬ್ಬರೂ ಪರಸ್ಪರ ಪ್ರದಕ್ಷಿಣೆ ಮಾಡುತ್ತಿದ್ದೇವೆಂದು ತೋರಿರಬೇಕು. ಕೊಡೆಯ ಏಟಿಗಿಂತ ಈ ಬೆನ್ನು ತಿರುಗಿಸುವುದು ಕಷ್ಟ. ಹೊಡೆತಕ್ಕೆ ಒಂದು ಗಳಿಗೆಯ ಕೋಪ ಸಾಕು. ಇದಕ್ಕೆ ದಿನಕ್ಕೆ ನಲವತ್ತು ಸಲ ನಿಷ್ಕೋಪನಾಗಿರಬೇಕು, ಮೇಲಾಗಿ ಪ್ರತಿಯೊಂದು ಸಲವೂ ತಿರುಗಿ ಬರಬೇಕು. ತಿರುಗಿ ಬರುವುದನ್ನು ಮರೆತರೆ ಉಳಿಯುವುದು ಬರಿಯ ತಿರಸ್ಕಾರ. ಆ ಹುಡುಗನ ವಿಷಯದಲ್ಲಿ ನಾನು ಮರೆತುದು ಅದನ್ನೇ.

ಎರಡು ತಿಂಗಳ ಮೇಲೆ ನಾಯಿ ಬಹುಮಟ್ಟಿಗೆ ಕಲಿತಿತು. ಈಗ ಅತಿಥಿಗಳು ಬಂದರೆ ಮೂಸಿನೋಡಿ, ಗದ್ದವನ್ನು ಅವರ ಪಾದದ ಬಳಿ ನೆಲದ ಮೇಲಿಟ್ಟು ಮಲಗುತ್ತದೆ. ನಾಲಗೆಯ ತುದಿ ಒಮ್ಮೊಮ್ಮೆ ಹೊರಗೆ ಬಂದು, ಏನನ್ನೋ ನೆನೆಸಿಕೊಂಡಂತೆ ಒಳಗೆ ಹೋಗುತ್ತದೆ. ಮನೆಗೆ ಬಂದವರು ಹೊಗಳುತ್ತಾರೆ. ನನ್ನ ಪತ್ನಿಯ ಹಿಮ್ಮಡಿಯ ಒಡಕೂ ಔಷಧದಿಂದ ಮಾಯುತ್ತ ಬಂದಿದೆ. ಕಾಲುಚೀಲವನ್ನು ಹಾಕಿಕೊಳ್ಳಲು ಅವಳು ಒಪ್ಪಿದ್ದಾಳೆ.

ಈ ವ್ಯವಸ್ಥೆಗೆ ಅವಳ ಪೂರ್ಣಸಮ್ಮತಿ ಮೊದಲಿನಿಂದಲೂ ಇರಲಿಲ್ಲವೆಂಬುದನ್ನು ಹೇಳಬೇಕು. ಕಾಗದವನ್ನು ಬಾಗಿಲಿಗೆ ಅಂಟಿಸಿದ ದಿನವೇ ಅವಳು ನನ್ನನ್ನು ಕುರಿತು, “ಬೆಳಗ್ಗೆ ಹೋದ ಮಕ್ಕಳು ರಾತ್ರಿ ಬಂದು ಆ ಫೋನುಗಳನ್ನು ನೋಡುತ್ತ ಕೂರುತ್ತಾರೆ. ನೀವು ಪುಸ್ತಕ ಹಿಡಿದು ಕೂರುತ್ತೀರಿ. ನನ್ನ ಮುಖ ಕಂಡರೆ ಇಷ್ಟು ಸಂತೋಷಪಡುವವರು ಈ ಮನೆಯಲ್ಲಿ ಇನ್ನು ಯಾರಿದ್ದಾರೆ, ಹೇಳಿ” ಎಂದಿದ್ದಳು. ನಾನು ಉತ್ತರ ಕೊಡಲಿಲ್ಲ. ಸತ್ರಶಾಲೆಯಲ್ಲಿಯೂ ಯಾರೂ ಕೊಟ್ಟಿರಲಿಲ್ಲವಷ್ಟೆ.

ಮೊನ್ನೆ ಸಂಜೆ ನಾನು ಪಡಸಾಲೆಯಲ್ಲಿ ಓದುತ್ತ ಕುಳಿತಿದ್ದೆನು. ಅವಳು ಜಗಲಿಯ ಮೇಲೆ ಹೂ ಕಟ್ಟುತ್ತಿದ್ದಳು. ಕೆಂಚ ಗದ್ದವನ್ನು ನೆಲಕ್ಕಿಟ್ಟು, ಕಲಿಸಿದಂತೆ ಮಲಗಿತ್ತು. ಅವಳು ಒಳಗೆ ಒಮ್ಮೆ ನೋಡಿ, ಹೂವಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, ಬಲಗೈಯ ಅಂಗೈಯನ್ನು ಮೆಲ್ಲನೆ ಅದರ ಮುಂದೆ ಚಾಚಿದಳು. ನಾಯಿ ನನ್ನ ಕಡೆಗೆ ನೋಡಿತು. ನಾನು ಪುಸ್ತಕವನ್ನು ಇನ್ನಷ್ಟು ಮೇಲಕ್ಕೆತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡೆನು.